ಒಂಬತ್ತನೆಯ ವಾರದ ಶಾಂತಿ ಫಲಕ ಮತ್ತು ಮಾವನವರ ಹೆಬ್ಬೆರಳು

ಇಂದ,
ಹಿತ್ತಾಳೆ ಫಲಕ ಕೆತ್ತುವವನು,
ಮಾವನವರ ಅಂಗಡಿ, ಗಡಿಯಾರ ರಿಪೇರಿಯವರ ಪಕ್ಕ
(ಮೂರು ಮೆಟ್ಟಿಲು ಇಳಿದು ಬರಬೇಕು, ತಲೆ ಜೋಪಾನ)

ಗೆ,
ಮಾನ್ಯ ಕಾರ್ಯದರ್ಶಿಯವರು,
ಮಹಾ ಶಾಂತಿ ಪ್ರಶಸ್ತಿ ಸಮಿತಿ,
ಮೂರನೆಯ ಮಹಡಿ (ಲಿಫ್ಟ್ ಕೆಟ್ಟಿರುವ ಕಟ್ಟಡ)

ವಿಷಯ: ಅಧಿಕಾರಕ್ಕೆ ಬಂದ ಒಂಬತ್ತನೆಯ ವಾರದಲ್ಲಿ ದೇಶದ ಹೊಸ ನಾಯಕರಿಗೆ ನೀಡಿದ ಶಾಂತಿ ಪ್ರಶಸ್ತಿ ಫಲಕದ ಕೊನೆಯ ಸಾಲಿನ ಬಗ್ಗೆ ಸಮಜಾಯಿಷಿ, ಹಾಗೂ ಒಂದು ಕೋರಿಕೆ.

ಉಲ್ಲೇಖ:
(1) ತಮ್ಮ ಕಾರಣ ಕೇಳುವ ನೋಟಿಸ್, ಕಳೆದ ಸೋಮವಾರ ತಲುಪಿದ್ದು.
(2) ತಮ್ಮ ಕಚೇರಿಯ ಗುಮಾಸ್ತರು ನನ್ನೊಂದಿಗೆ ಫೋನಿನಲ್ಲಿ ಆಡಿದ ಮಾತು (ಈಗ ಆಡಿಲ್ಲ ಎನ್ನುತ್ತಿದ್ದಾರೆ).
(3) ನಮ್ಮ ಅಂಗಡಿಯ ಒಳಬಾಗಿಲ ಮೇಲಿರುವ ಇಪ್ಪತ್ಮೂರು ವರ್ಷದ ಹಳೆಯ ಫಲಕ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿರುವ ನಾನು, ಏಳು ದಿನಗಳ ಗಡುವಿನಲ್ಲಿ ಆರು ದಿನ ತಲೆ ಕೆರೆದುಕೊಂಡು, ಏಳನೆಯ ದಿನ ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ನಮ್ಮದು ಫಲಕ ಕೆತ್ತುವ ಅಂಗಡಿ. ಅಂಗಡಿ ಮಾವನವರದು, ಉಳಿ ಸುತ್ತಿಗೆ ಮಾವನವರದು, ಹೆಂಡತಿಯೂ ಮಾವನವರ ಮಗಳೇ. ನನ್ನದು ಎಂದು ಇರುವುದು ಕೈ ಮತ್ತು ಒಂದು ಯಂತ್ರ. ಯಂತ್ರದ ವಿಚಾರ ಮುಂದೆ ಬರುತ್ತದೆ. ನಾವು ಕೆತ್ತುವ ನೂರು ಫಲಕಗಳಲ್ಲಿ ತೊಂಬತ್ತಕ್ಕೂ ಹೆಚ್ಚು ನಿವೃತ್ತಿಯ ಫಲಕಗಳು. ಈ ಊರಿನಲ್ಲಿ ಯಾವ ಕಚೇರಿಯಿಂದ ಯಾರು ಮನೆಗೆ ಹೋದರೂ ಕೈಯಲ್ಲಿ ನಮ್ಮ ಹಿತ್ತಾಳೆ ಇರುತ್ತದೆ. ತಮ್ಮ ಸಮಿತಿಯ ಅಂಗೀಕೃತ ಪಟ್ಟಿಯಲ್ಲಿ ನಮ್ಮ ಅಂಗಡಿಯ ಹೆಸರು ಇರುವುದರಿಂದಲೇ ಉಳಿದ ಕಚೇರಿಗಳೂ ನಮ್ಮನ್ನು ನಂಬಿ ಕೆಲಸ ಕೊಡುತ್ತಿವೆ. ಆ ಪಟ್ಟಿಯಿಂದ ಹೆಸರು ಹೋದರೆ ಅಂಗಡಿಯ ಬಾಗಿಲು ಹಾಕಿದಂತೆಯೇ ಸರಿ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

2. ತಮ್ಮ ಆರ್ಡರ್ ನಮೂನೆಯಲ್ಲಿ ಐದು ಕಲಂಗಳಿವೆ: ಹೆಸರು, ಹುದ್ದೆ, ಪ್ರಶಸ್ತಿ, ದಿನಾಂಕ, ಕಾರಣ. ಸದರಿ ಆರ್ಡರಿನಲ್ಲಿ ಮೊದಲ ನಾಲ್ಕು ಕಲಂಗಳನ್ನು ದುಂಡಾದ ಅಕ್ಷರಗಳಲ್ಲಿ ತುಂಬಲಾಗಿತ್ತು. ಐದನೆಯದು ಖಾಲಿ ಇತ್ತು. ಕಣ್ಣು ತಪ್ಪಿ ಬಿಟ್ಟಿರಬೇಕೆಂದು ಕಾಗದವನ್ನು ತಿರುಗಿಸಿ ನೋಡಿದೆ. ಹಿಂದೆಯೂ ಏನೂ ಇರಲಿಲ್ಲ. ನಮ್ಮ ಕಸುಬಿನಲ್ಲಿ ಫಲಕದ ಮೇಲೆ ಖಾಲಿ ಜಾಗ ಬಿಡುವಂತಿಲ್ಲ. ಬಿಟ್ಟರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ ಎಂಬುದು ಮಾವನವರ ಕಟ್ಟಪ್ಪಣೆ.

3. ಆದಕಾರಣ ತಮ್ಮ ಕಚೇರಿಗೆ ಫೋನ್ ಮಾಡಿ, ನಾಯಕರಿಗೆ ಪ್ರಶಸ್ತಿ ಯಾವುದಕ್ಕಾಗಿ ಎಂದು ವಿನಯಪೂರ್ವಕವಾಗಿ ವಿಚಾರಿಸಿದೆ. ಗುಮಾಸ್ತರು ರಿಸೀವರನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು. ನನಗೆ ಬಹಳ ಹೊತ್ತು ಫ್ಯಾನಿನ ಸದ್ದು, ಅದರ ಹಿಂದೆ ನಾಲ್ಕೈದು ಜನರ ಚರ್ಚೆ ಕೇಳಿಸಿತು. ಆಮೇಲೆ ಗುಮಾಸ್ತರು ಬಂದು ಹೇಳಿದ ಮಾತನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ:

"ಅದಿನ್ನೂ ತೀರ್ಮಾನ ಆಗಿಲ್ಲಪ್ಪ. ನೀವು ಯಾವಾಗಲೂ ಏನು ಹಾಕ್ತೀರೋ ಅದನ್ನೇ ಹಾಕಿಬಿಡಿ."

4. ನಾವು ಯಾವಾಗಲೂ ಏನು ಹಾಕುತ್ತೇವೆ ಎಂಬುದನ್ನು 1ನೆಯ ಅಂಶದಲ್ಲಿ ನಿವೇದಿಸಿಕೊಂಡಿದ್ದೇನೆ. ಹೆಸರು, ಹುದ್ದೆಗಳನ್ನು ಯಂತ್ರ ಕೆತ್ತುತ್ತದೆ. ಕೊನೆಯ ಸಾಲನ್ನು ಮಾತ್ರ ಕೈಯಿಂದಲೇ ಕೆತ್ತಬೇಕೆಂಬುದು ಅಂಗಡಿಯ ಕ್ರಮ. ಆ ಸಾಲನ್ನು ನಾನು ಎಷ್ಟು ಸಾವಿರ ಸಲ ಕೆತ್ತಿದ್ದೇನೋ ಲೆಕ್ಕವಿಲ್ಲ. ಕೈ ಕೆತ್ತುತ್ತಿರುತ್ತದೆ, ನಾನು ಪಕ್ಕದವರೊಡನೆ ಮಾತಾಡುತ್ತಿರುತ್ತೇನೆ. ಅಂದು ಕೂಡ ಉಳಿ ಹಿಡಿದ ಕೈ ತಾನಾಗಿ ಓಡಿತು. ಒಂಬತ್ತು ವಾರಗಳ ಹಿಂದೆ ಅಧಿಕಾರಕ್ಕೆ ಬಂದ ನಾಯಕರ ಶಾಂತಿ ಫಲಕದ ಮೇಲೆ "ಅವರು ಸಲ್ಲಿಸಿದ ಸುದೀರ್ಘ ಸೇವೆಯನ್ನು ಸ್ಮರಿಸಿ, ಮುಂದಿನ ವಿಶ್ರಾಂತ ಜೀವನ ಸುಖಮಯವಾಗಿರಲೆಂದು ಹಾರೈಸಿ" ಎಂಬ ಸಾಲು ಬಿದ್ದದ್ದು ಈ ರೀತಿಯಾಗಿ.

5. ಕೆತ್ತಿದ ಫಲಕ ನೇರವಾಗಿ ಗಿರಾಕಿಯ ಕೈಗೆ ಹೋಗುವುದಿಲ್ಲ. ಮಾವನವರ ಹೆಬ್ಬೆರಳ ಕೆಳಗೆ ಹಾದುಹೋಗಬೇಕು. ಮಾವನವರಿಗೆ ಎಪ್ಪತ್ತೆಂಟು ವರ್ಷ. ಎರಡೂ ಕಣ್ಣಿಗೆ ಆಪರೇಷನ್ ಆಗಿದೆ, ಆದರೂ ಎದುರು ನಿಂತಿರುವುದು ಮಗಳೋ ಬೀರುವೋ ಎಂದು ಹೇಳಬೇಕಾದರೆ ಅದು ಮಾತಾಡಬೇಕು. ಹಾಗಿದ್ದೂ ಅವರು ಬೆಳಿಗ್ಗೆ ಒಂಬತ್ತಕ್ಕೆ ಬಂದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತರೆ, ಸಂಜೆಯವರೆಗೆ ಪ್ರತಿಯೊಂದು ಫಲಕವನ್ನೂ ತೊಡೆಯ ಮೇಲಿಟ್ಟುಕೊಂಡು ಬಲಗೈ ಹೆಬ್ಬೆರಳಿಂದ ಒಂದೊಂದೇ ಅಕ್ಷರ ಸವರಿ ಓದುತ್ತಾರೆ. ಎಲ್ಲ ಸರಿಯಾಗಿದ್ದರೆ "ಸರಿ ಇದೆ" ಎನ್ನುತ್ತಾರೆ. ಇಲ್ಲದಿದ್ದರೆ ಏನೂ ಹೇಳದೆ ನನ್ನ ಕಡೆ ನೂಕುತ್ತಾರೆ. ತಮ್ಮ ಫಲಕವನ್ನೂ ಸವರಿದರು. ಕೊನೆಯ ಸಾಲಿಗೆ ಬಂದಾಗ ಹೆಬ್ಬೆರಳು ಒಂದು ಗಳಿಗೆ ನಿಂತಿತು. ನಂತರ "ಸರಿ ಇದೆ" ಎಂದರು. ನಾನು ಮಖಮಲ್ಲಿನ ಬಟ್ಟೆ ಸುತ್ತಿ ತಲುಪಿಸಿದೆ. ತಮ್ಮ ಸಮಿತಿಯ ಏಳೂ ಸದಸ್ಯರು ಬಟ್ಟೆಯ ಗುಣಮಟ್ಟವನ್ನು ಹೊಗಳಿ, ಸಹಿ ಹಾಕಿ, ಬಟ್ಟೆ ಬಿಚ್ಚದೆಯೇ ಸ್ವೀಕರಿಸಿದರು.

6. ಸಮಾರಂಭವನ್ನು ಗಡಿಯಾರ ರಿಪೇರಿಯವರ ಟಿವಿಯಲ್ಲಿ ನೋಡಿದೆ. ನಾಯಕರು ಫಲಕವನ್ನು ಎತ್ತಿಹಿಡಿದು, ಧ್ವನಿ ಏರಿಸಿ ಓದತೊಡಗಿದರು. "ಸುದೀರ್ಘ ಸೇವೆ" ಎಂಬಲ್ಲಿಗೆ ಬಂದಾಗ ಅವರ ಮುಖದಲ್ಲಿ ಸಂತೋಷವಿತ್ತು. "ವಿಶ್ರಾಂತ ಜೀವನ" ಎಂಬಲ್ಲಿ ಧ್ವನಿ ಇಳಿಯಿತು. ವಿರೋಧ ಪಕ್ಷದ ಮುಖಂಡರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರು ಹೊಸ ನಾಯಕರಿಗಾಗಿ ಚಪ್ಪಾಳೆ ತಟ್ಟಿದ್ದು ಅದೇ ಮೊದಲಂತೆ. ಶಾಂತಿಗೆ ಅಷ್ಟರ ಮಟ್ಟಿಗಾದರೂ ನಮ್ಮ ಅಂಗಡಿಯ ಕೊಡುಗೆ ಇದೆ ಎಂದು ದಾಖಲಿಸಲು ಬಯಸುತ್ತೇನೆ. ಆದರೆ ಆ ಕ್ಷಣದಲ್ಲಿ ಗಡಿಯಾರದವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನು ಓಡಿಹೋಗಿ ಮಾವನವರನ್ನು ತರಾಟೆಗೆ ತೆಗೆದುಕೊಂಡೆ. ಅಕ್ಷರ ಅಕ್ಷರ ಸವರಿಯೂ ಹೇಗೆ ಬಿಟ್ಟಿರಿ ಎಂದು ಕೇಳಿದೆ. ಅವರು ತಣ್ಣಗೆ ಉತ್ತರಿಸಿದರು:

"ನಾನು ನೋಡೋದು ಅಕ್ಷರ. ಅಕ್ಷರ ಸರಿಯಾಗೇ ಇತ್ತು. ಆ ಮನುಷ್ಯ ಏನು ಮಾಡಿದ್ದಾನೆ ಅಂತ ನೋಡೋಕೆ ಸಮಿತಿ ಇಲ್ವಾ?"

ಇದಕ್ಕೆ ತಮ್ಮಲ್ಲಿ ಉತ್ತರವಿದ್ದರೆ ಮಾವನವರಿಗೆ ನೇರವಾಗಿ ತಿಳಿಸಬೇಕಾಗಿ ವಿನಂತಿ.

7. ಇನ್ನು ಉಲ್ಲೇಖ (3)ರ ಫಲಕ. ಇದನ್ನು ವಿವರಿಸದೆ ನನ್ನ ಸಮಜಾಯಿಷಿ ಪೂರ್ಣವಾಗುವುದಿಲ್ಲ. ನಾನು ಈ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಆಮೇಲೆ ಅಳಿಯನಾದವನು. ಮದುವೆಯಾದ ಹನ್ನೊಂದನೆಯ ದಿನ ಅಂಗಡಿಗೆ ಬಂದರೆ ಒಳಬಾಗಿಲ ಮೇಲೆ ಹದಿನಾಲ್ಕು ಇಂಚಿನ ಹೊಸ ಹಿತ್ತಾಳೆ ಹೊಳೆಯುತ್ತಿತ್ತು. "ಉತ್ತಮ ಅಳಿಯ" ಎಂದು ಮಾವನವರೇ ಕೈಯಾರೆ ಕೆತ್ತಿದ್ದರು. ಕೆಳಗೆ "ಕಾರಣ" ಎಂದು ಕೆತ್ತಿ, ಮುಂದೆ ಖಾಲಿ ಬಿಟ್ಟಿದ್ದರು. ಜೀವಮಾನದಲ್ಲಿ ಅವರು ಖಾಲಿ ಬಿಟ್ಟ ಒಂದೇ ಒಂದು ಸಾಲು ಅದು. ಹನ್ನೊಂದು ದಿನದಲ್ಲಿ ನಾನು ಮಾಡಿದ್ದ ಒಳ್ಳೆಯ ಕೆಲಸವೆಂದರೆ ಅವರ ಮನೆಯ ನಲ್ಲಿಯ ವಾಷರ್ ಬದಲಾಯಿಸಿದ್ದು. ಅದೂ ಸರಿಯಾಗಿ ಕೂತಿರಲಿಲ್ಲ.

ಮಾನ್ಯರೇ, ಕಾಲಕ್ಕೆ ಮುಂಚೆ ಪ್ರಶಸ್ತಿ ಪಡೆದವನ ಕಷ್ಟ ಪಡೆದವನಿಗೇ ಗೊತ್ತು. ಅಂಗಡಿಗೆ ಬಂದವರೆಲ್ಲ ಅದನ್ನು ಓದಿ ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಕೋಪ ಬಂದರೆ ಬೈಯುವಂತಿಲ್ಲ, ಕೈಯೆತ್ತಿ ಮೇಜು ಗುದ್ದುವಂತಿಲ್ಲ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕಿವಿ ಕೆರೆದುಕೊಳ್ಳುತ್ತಿದ್ದೆ. ಇಪ್ಪತ್ಮೂರು ವರ್ಷದಲ್ಲಿ ನನ್ನ ಬಲಗಿವಿ ಎಡಗಿವಿಗಿಂತ ಕೆಂಪಾಗಿದೆ. ಎರಡನೆಯ ವರ್ಷ ಧೈರ್ಯ ಮಾಡಿ, ಆ ಸಾಲಿನಲ್ಲಿ ಏನು ಬರುತ್ತದೆ ಎಂದು ಮಾವನವರನ್ನು ಕೇಳಿದೆ. "ಅವಸರ ಏನು?" ಎಂದರು.

ಏಳನೆಯ ವರ್ಷ ನಾನು ಅವರನ್ನು ಕೇಳದೆ ಕೆತ್ತನೆ ಯಂತ್ರ ತಂದೆ. ಮಾವನವರು ನಾಲ್ಕು ತಿಂಗಳು ನನ್ನ ಜೊತೆ ಮಾತು ಬಿಟ್ಟರು. ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂತು, ಹೇಳಬೇಕಾದ್ದನ್ನೆಲ್ಲ ಹೆಂಡತಿಯ ಮೂಲಕ ಹೇಳಿಕೊಳ್ಳುತ್ತಿದ್ದೆವು. ಕೊನೆಗೊಂದು ದಿನ ನನಗೆ ಸಾಕಾಗಿ, ನನ್ನ ಸಾಮಾನುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟೆ. ಹೋಗುವ ಮುನ್ನ ಆ ಫಲಕವನ್ನು ಕಿತ್ತು ಅವರ ಮುಂದೆ ಇಟ್ಟೇ ಹೋಗಬೇಕೆಂದು ಸ್ಟೂಲ್ ಹತ್ತಿದೆ. ನೋಡಿದರೆ ತಿರುಪು ಹಾಕಿರಲಿಲ್ಲ, ನಾಲ್ಕೂ ಮೂಲೆಗೆ ರಿವೆಟ್ ಹೊಡೆದಿದ್ದರು. ಅರ್ಧ ಗಂಟೆ ಬೆವರು ಸುರಿಸಿದರೂ ಒಂದು ಮೂಲೆ ಅಲುಗಲಿಲ್ಲ. ಅಷ್ಟರಲ್ಲಿ ಹೆಂಡತಿ ಟೀ ತಂದಳು. ಲೋಟ ಮೇಜಿನ ಮೇಲಿಟ್ಟು ಹೇಳಿದಳು:

"ಕಿತ್ಕೊಂಡು ಹೋಗಿ ಬೇಕಾದ್ರೆ, ನಾನೇನೂ ಬೇಡ ಅನ್ನಲ್ಲ. ಗೋಡೆ ತೂತು ಮುಚ್ಚಿಬಿಟ್ಟು ಹೋಗಿ."

ಗೋಡೆ ಮುಚ್ಚಲು ಸಿಮೆಂಟು ಇರಲಿಲ್ಲವಾದ ಕಾರಣ ಆ ದಿನ ಹೋಗಲಾಗಲಿಲ್ಲ. ಮೇಲಾಗಿ ಟೀ ಆರುತ್ತಿತ್ತು. ಆದ್ದರಿಂದ ಉಳಿದುಕೊಂಡೆ. ಮರುದಿನ ಮಾವನವರು ಯಂತ್ರದ ಬಳಿ ಬಂದು, ಅದರ ಬೆನ್ನು ಸವರಿ, "ಇದಕ್ಕೆ ಎಣ್ಣೆ ಯಾವ ಕಡೆ ಬಿಡೋದು?" ಎಂದು ನೇರವಾಗಿ ನನ್ನನ್ನೇ ಕೇಳಿದರು.

8. (ಈ ಅಂಶದಲ್ಲಿ ತಮ್ಮ ಸಮಿತಿಯ ಬಗ್ಗೆ ನಾನು ಬರೆದಿದ್ದನ್ನು ಹೆಂಡತಿ ಹೊಡೆದುಹಾಕಿದ್ದಾಳೆ.)

9. ಒಂಬತ್ತು ವಾರಕ್ಕೇ ಶಾಂತಿ ಪ್ರಶಸ್ತಿ ಕೊಡಬಹುದೇ ಎಂದು ಈಗ ಊರೆಲ್ಲ ಚರ್ಚೆಯಾಗುತ್ತಿದೆ. ಗಡಿಯಾರದವರು ಕೂಡದು ಎನ್ನುತ್ತಾರೆ. ಓಡುವ ಮುನ್ನವೇ ಗಡಿಯಾರಕ್ಕೆ ಸರಿಯಾದ ಸಮಯ ತೋರಿಸಿತೆಂದು ಮೆಡಲ್ ಕೊಟ್ಟಂತಾಯಿತು ಎಂಬುದು ಅವರ ವಾದ. ನನಗೂ ಇಷ್ಟು ವರ್ಷ ಹಾಗೆಯೇ ಅನ್ನಿಸುತ್ತಿತ್ತು. ಆದರೆ ಮೊನ್ನೆ ಅದೇ ಟಿವಿಯಲ್ಲಿ ನಾಯಕರು ನೆರೆ ದೇಶದೊಂದಿಗಿನ ಸೇತುವೆ ತಕರಾರಿನ ಬಗ್ಗೆ ಮಾತಾಡುತ್ತಿದ್ದರು. ಮೇಜಿನ ಮೇಲೆ ನಮ್ಮ ಫಲಕವಿತ್ತು. ಕೊನೆಯ ಸಾಲು ಕಾಣದಂತೆ ಅದಕ್ಕೆ ಅಡ್ಡವಾಗಿ ಪೆನ್ನಿನ ಸ್ಟ್ಯಾಂಡ್ ಇಟ್ಟಿದ್ದರು. ಮಾತು ಬಿಸಿಯಾಗುತ್ತ ಹೋಗಿ, ಅವರು ಮುಷ್ಟಿ ಬಿಗಿದು ಮೇಲೆತ್ತಿದರು. ಅಷ್ಟರಲ್ಲಿ ಕಣ್ಣು ಫಲಕದ ಮೇಲೆ ಬಿತ್ತು. ಎತ್ತಿದ ಕೈ ಒಂದು ಕ್ಷಣ ಗಾಳಿಯಲ್ಲಿ ನಿಂತು, ಮುಷ್ಟಿ ಬಿಚ್ಚಿ, ಬಲಗಿವಿಯನ್ನು ಕೆರೆಯಿತು. ಇನ್ನೊಮ್ಮೆ ಕೂತು ಮಾತಾಡೋಣ ಎಂದು ಹೇಳಿ ಅವರು ಭಾಷಣ ಮುಗಿಸಿದರು.

ಆ ಕೈಯ ಚಲನೆ ನನಗೆ ಚೆನ್ನಾಗಿ ಗೊತ್ತು. ಗಡಿಯಾರದವರ ಅಂಗಡಿಯಲ್ಲಿ ನಿಂತಲ್ಲೇ ನನಗೆ ಆ ಮನುಷ್ಯನ ಮೇಲೆ ಅಯ್ಯೋ ಪಾಪ ಎನ್ನಿಸಿತು, ಜೊತೆಗೆ ಸ್ವಲ್ಪ ಅಕ್ಕರೆಯೂ ಬಂತು. ಪ್ರಶಸ್ತಿಗೆ ಅವರು ಅರ್ಹರೇ ಎಂದು ಕೇಳಿದರೆ, ಇನ್ನೂ ಇಲ್ಲ ಎಂದೇ ಹೇಳುತ್ತೇನೆ. ವಾಪಸು ಪಡೆಯಬೇಕೇ ಎಂದರೆ, ರಿವೆಟ್ ಹೊಡೆದು ಕೊಡಬೇಕಿತ್ತು ಎನ್ನುತ್ತೇನೆ.

10. ಕೊನೆಯದಾಗಿ, ತಮ್ಮ ನೋಟಿಸಿನ ನಾಲ್ಕನೆಯ ಪ್ಯಾರಾ. ಸದರಿ ಫಲಕವನ್ನು ಪರಿಶೀಲಿಸಿದ ವ್ಯಕ್ತಿ ಯಾರು, ಅವರ ದೃಷ್ಟಿಯ ಬಗ್ಗೆ ವೈದ್ಯರ ಪ್ರಮಾಣಪತ್ರವಿದೆಯೇ, ಹಾಗೂ ಅವರನ್ನು ಪರಿಶೀಲನೆಯ ಕೆಲಸದಿಂದ ತಕ್ಷಣ ತೆಗೆದುಹಾಕಿರುವ ಬಗ್ಗೆ ಲಿಖಿತ ವರದಿ ನೀಡತಕ್ಕದ್ದು, ತಪ್ಪಿದಲ್ಲಿ ಅಂಗಡಿಯನ್ನು ಅಂಗೀಕೃತ ಪಟ್ಟಿಯಿಂದ ಕೈಬಿಡಲಾಗುವುದು ಎಂದಿದೆ. ಇದನ್ನು ನಾನು ಮಾವನವರಿಗೆ ಓದಿ ಹೇಳಲಿಲ್ಲ. ಮುಚ್ಚಿಟ್ಟೆ.

ನಿಜ ಹೇಳಿಬಿಡುತ್ತೇನೆ. ಐದನೆಯ ದಿನ ನಾನು ಬೇರೊಂದು ಉತ್ತರ ಬರೆದಿದ್ದೆ. "ಸದರಿ ವ್ಯಕ್ತಿಯನ್ನು ವಯಸ್ಸಿನ ಕಾರಣದಿಂದ ಕರ್ತವ್ಯದಿಂದ ಬಿಡುಗಡೆ ಮಾಡಲಾಗಿದೆ" ಎಂದು ಚೆನ್ನಾಗಿಯೇ ಬರೆದಿದ್ದೆ. ಅಂಗಡಿ ಉಳಿಯಬೇಕಲ್ಲ, ಮನೆ ನಡೆಯಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಅದನ್ನು ಮಡಚಿ ಲಕೋಟೆಗೆ ಹಾಕುತ್ತಿದ್ದೆ. ಕಿಟಕಿಯ ಬಳಿಯಿಂದ ಮಾವನವರು "ಮುಂದಿನದು ಕೊಡು" ಎಂದು ಕೈ ಚಾಚಿದರು. ಒಂದು ಕೈಯಲ್ಲಿ ಲಕೋಟೆ ಹಿಡಿದುಕೊಂಡೇ ಇನ್ನೊಂದು ಕೈಯಿಂದ ಫಲಕ ಕೊಟ್ಟೆ. ಶಾಲೆಯೊಂದರಲ್ಲಿ ಮೂವತ್ತೈದು ವರ್ಷ ಗಂಟೆ ಬಾರಿಸಿ ನಿವೃತ್ತರಾಗುತ್ತಿದ್ದವರ ಫಲಕ ಅದು. ಮಾವನವರು ಅಕ್ಷರಗಳನ್ನೆಲ್ಲ ಓದಿ ಮುಗಿಸಿ, ಅಂಚಿನ ಉದ್ದಕ್ಕೂ ಬೆರಳು ಆಡಿಸಿ, ಒಂದು ಮೂಲೆಯಲ್ಲಿ ನಿಲ್ಲಿಸಿದರು. ಅಂದು ಮಾತ್ರ ಅವರು ಸುಮ್ಮನೆ ನೂಕಲಿಲ್ಲ.

"ಇಲ್ಲಿ ಚೂಪಿದೆ ನೋಡು. ಆ ಮುದುಕನ ಕೈಗೆ ತಾಗುತ್ತೆ. ತೇಯಿ."

ನಾನು ನೋಡಿದೆ, ಕನ್ನಡಕ ಹಾಕಿಕೊಂಡು ನೋಡಿದೆ, ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಬೆರಳಿಟ್ಟರೆ ಕೂದಲೆಳೆಯಷ್ಟು ಚೂಪಿತ್ತು. ಕೂತು ಅದನ್ನು ತೇಯ್ದೆ. ತೇಯುವಾಗ ನನಗೆ ನಾಚಿಕೆಯಾಯಿತು. ಲಕೋಟೆಯನ್ನು ಹರಿದು ಹಿತ್ತಾಳೆ ಪುಡಿಯ ಡಬ್ಬಿಗೆ ಹಾಕಿದೆ. ತಲೆಯ ಮೇಲೆ ಆ ಹದಿನಾಲ್ಕು ಇಂಚಿನ ಫಲಕ ಇತ್ತು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಬಾರಿಗೆ ಅದರ ಕೆಳಗೆ ನಿಲ್ಲಲು ನನಗೆ ಮುಜುಗರವಾಗಲಿಲ್ಲ.

ಆದ್ದರಿಂದ ನಾಲ್ಕನೆಯ ಪ್ಯಾರಾಕ್ಕೆ ನನ್ನ ಉತ್ತರ: ಪರಿಶೀಲಿಸಿದವರು ನನ್ನ ಮಾವನವರು. ದೃಷ್ಟಿಯ ಪ್ರಮಾಣಪತ್ರವಿಲ್ಲ, ದೃಷ್ಟಿಯೂ ಅಷ್ಟಕ್ಕಷ್ಟೇ. ಅವರನ್ನು ಆ ಸ್ಟೂಲಿನಿಂದ ಏಳಿಸುವುದಿಲ್ಲ. ಪಟ್ಟಿಯಿಂದ ನಮ್ಮ ಹೆಸರು ತೆಗೆಯಲೇಬೇಕೆಂದಿದ್ದರೆ ತೆಗೆಯಬಹುದು, ತಪ್ಪು ಕೆತ್ತಿದ ಕೈ ನನ್ನದು.

ಕಾರಣ, ತಾವು ದಯಮಾಡಿ ಈ ಕೆಳಕಂಡಂತೆ ಆದೇಶಿಸಬೇಕಾಗಿ ಕೋರುತ್ತೇನೆ:

(ಅ) ನಾಯಕರಿಗೆ ಹೊಸ ಫಲಕ ಕೆತ್ತಿಕೊಡಲು ಅನುಮತಿ. ಅದರಲ್ಲಿ "ಕಾರಣ" ಎಂದು ಕೆತ್ತಿ ಮುಂದೆ ಖಾಲಿ ಬಿಡಲಾಗುವುದು. ಅವರು ಅಧಿಕಾರದಿಂದ ಇಳಿಯುವ ದಿನ ನಾನೇ ಉಳಿ ಸುತ್ತಿಗೆಯೊಂದಿಗೆ ತಮ್ಮ ಕಚೇರಿಗೆ ಬಂದು, ಏನು ಬರೆಯಬೇಕಾಗುತ್ತದೋ ಅದನ್ನು ಕೆತ್ತುತ್ತೇನೆ. ಬರೆಯುವಂಥದ್ದು ಏನೂ ಇಲ್ಲದಿದ್ದರೆ ಹಾಗೇ ಪಾಲಿಶ್ ಮಾಡಿ ಬರುತ್ತೇನೆ. ಪರಿಶೀಲನೆಗೆ ಮಾವನವರೂ ಬರುತ್ತಾರೆ, ಅಷ್ಟರೊಳಗೆ ಲಿಫ್ಟ್ ರಿಪೇರಿ ಮಾಡಿಸಬೇಕು.

(ಆ) ಹಳೆಯ ಫಲಕವನ್ನು ಕರಗಿಸಬಾರದು. ಅದರಲ್ಲಿ ತಪ್ಪೇನೂ ಇಲ್ಲ, ಸ್ವಲ್ಪ ಮುಂಚಿತವಾಗಿ ಬಂದಿದೆ ಅಷ್ಟೇ. ಪ್ರಶಸ್ತಿಗೆ ಇರುವ ಈ ಸೌಲಭ್ಯವನ್ನು ಫಲಕಕ್ಕೂ ವಿಸ್ತರಿಸಬೇಕು. ಎಂದಾದರೊಂದು ದಿನ ಅದೇ ಬೇಕಾಗುತ್ತದೆ, ಬೀರುವಿನಲ್ಲಿ ಜೋಪಾನವಾಗಿಡುವುದು.

(ಇ) ಮಾವನವರ ಹೆಬ್ಬೆರಳಿನ ವಿರುದ್ಧ ಕೈಗೊಂಡ ಕ್ರಮವನ್ನು ಕೈಬಿಡುವುದು.

ಪಟ್ಟಿಯಲ್ಲಿ ಇರಲಿ ಬಿಡಲಿ ತಮ್ಮ ವಿಶ್ವಾಸಿ,

(ಸಹಿ)
ಫಲಕ ಕೆತ್ತುವವನು ಹಾಗೂ ಅಳಿಯ

ಲಗತ್ತುಗಳು:
1. ಐದನೆಯ ಕಲಂ ಖಾಲಿ ಇರುವ ತಮ್ಮ ಆರ್ಡರ್ ನಮೂನೆ, ಎರಡೂ ಬದಿಯ ನಕಲು.
2. ಬಟ್ಟೆ ಬಿಚ್ಚದೆ ಸ್ವೀಕರಿಸಿದ್ದಕ್ಕೆ ಏಳು ಸದಸ್ಯರ ಸಹಿ.
3. ಒಳಬಾಗಿಲ ಫಲಕದ ಫೋಟೊ (ಕೊನೆಯ ಸಾಲು ಖಾಲಿ).
4. ಗಂಟೆ ಬಾರಿಸುವವರ ಫಲಕದಿಂದ ತೇಯ್ದು ತೆಗೆದ ಚೂಪು, ಪೊಟ್ಟಣದಲ್ಲಿ. ಬರಿಗಣ್ಣಿಗೆ ಕಾಣುವುದಿಲ್ಲ.

ವಿಶೇಷ ಸೂಚನೆ: ಕಳಿಸುವ ಮುನ್ನ ತಪ್ಪು ನೋಡಿಕೊಡೆಂದು ಈ ಅರ್ಜಿಯನ್ನು ನಿನ್ನೆ ಹೆಂಡತಿಗೆ ಕೊಟ್ಟಿದ್ದೆ. ಅವಳು ನನ್ನನ್ನು ಕೇಳದೆ ಅದನ್ನು ಅವರಪ್ಪನಿಗೆ ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳಿದ್ದಾಳೆ. ಮಾವನವರು ಎಲ್ಲವನ್ನೂ ಕೇಳಿ, ನಲ್ಲಿಯ ವಾಷರ್ ಈಗಲೂ ಸೋರುತ್ತಿದೆ ಎಂದಷ್ಟೇ ಹೇಳಿದರಂತೆ. ಇಂದು ಬೆಳಿಗ್ಗೆ ನಾನು ಬಂದಾಗ ಅಂಗಡಿ ಆಗಲೇ ತೆರೆದಿತ್ತು. ಕಿಟಕಿಯ ಪಕ್ಕದ ಸ್ಟೂಲು ಒಳಬಾಗಿಲ ಕೆಳಗಿತ್ತು, ನೆಲದ ಮೇಲೆ ಹಿತ್ತಾಳೆ ಪುಡಿ ಬಿದ್ದಿತ್ತು. ಮಾವನವರು ಕುರ್ಚಿಯಲ್ಲಿ ಕೂತು ಏನೂ ಆಗದವರಂತೆ ಟೀ ಕುಡಿಯುತ್ತಿದ್ದರು. ನಾನು ಸ್ಟೂಲ್ ಹತ್ತಿ, ಕಣ್ಣು ಮುಚ್ಚಿ, ಹೆಬ್ಬೆರಳಿಂದ ಸವರಿ ನೋಡಿದೆ. "ಕಾರಣ" ಎಂಬುದರ ಮುಂದೆ "ಸರಿ ಇದೆ" ಎಂದಿತ್ತು.

ಆದ್ದರಿಂದ ಲಗತ್ತು 3ರಲ್ಲಿ "ಕೊನೆಯ ಸಾಲು ಖಾಲಿ" ಎಂದಿರುವುದನ್ನು ರದ್ದುಪಡಿಸಿ ಓದಿಕೊಳ್ಳಬೇಕು. ಅಕ್ಷರಗಳು ಓರೆಯಾಗಿವೆ, ಕೊನೆಯದು ಅಂಚಿನ ಗೆರೆಯನ್ನೂ ದಾಟಿದೆ. ಪರಿಶೀಲಿಸಿದವರು ಯಾರು ಎಂದು ಇದಕ್ಕೂ ನೋಟಿಸ್ ಕಳಿಸಬಾರದಾಗಿ ಕೋರಿಕೆ.